ದಡದಲ್ಲಿ ದಿನ ಕಳೆಯುವವರಿಗೆ ಉಬ್ಬರದ ಲೆಕ್ಕ

ದೋಣಿ ಪ್ರಯಾಣದ ನಡುವೆ ಇಬ್ಬರೇ ದಡಕ್ಕಿಳಿದು ಆರಾಮಾಗಿ ಸುತ್ತಾಡಬೇಕಾ? ಪೂರ್ತಿ ಉಬ್ಬರಕ್ಕೆ 3 ಗಂಟೆ ಮೊದಲು ಸಣ್ಣ ದೋಣಿಯಲ್ಲಿ ದಡ ಸೇರಿ, ಪೂರ್ತಿ ಉಬ್ಬರವಾಗಿ 3 ಗಂಟೆ ಕಳೆದಾಗ ವಾಪಸ್ ಹೊರಡಿ. ನೀರು ಏರಲು ಸುಮಾರು 6 ಗಂಟೆ, ಇಳಿಯಲೂ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ಮರಳುವಾಗ ನೀರು ನೀವು ಇಳಿದ ಮಟ್ಟದಲ್ಲೇ ಇರುತ್ತದೆ. ಇಳಿತ ಶುರುವಾದ ಮೇಲೆ ದಡಕ್ಕೆ ಹೋದರೆ ದೋಣಿ ಮರಳಲ್ಲಿ ಕೂತುಬಿಡುತ್ತದೆ. ಮೋಟಾರ್ ಸಮೇತ ಅದನ್ನು ಇಬ್ಬರೇ ನೀರಿಗೆ ಎಳೆಯುವುದು ತುಂಬಾ ಕಷ್ಟ. ದಡ ಮುಟ್ಟುವ ಮೊದಲೇ ಹಿಂಬದಿಯಿಂದ ಲಂಗರು ಬಿಡಿ, ಇಲ್ಲದಿದ್ದರೆ ದೋಣಿ ಉಬ್ಬರದ ಜೊತೆ ಮೇಲೆ ಹೋಗಿ ಅಲ್ಲೇ ಉಳಿಯುತ್ತದೆ. ಮುಂಬದಿಯ ಹಗ್ಗವನ್ನು ಸಡಿಲವಾಗಿ, ಒಣಗಿದ ಪಾಚಿ, ಕಡ್ಡಿಗಳ ಗೆರೆ ಕಾಣುತ್ತದಲ್ವಾ, ಅದಕ್ಕಿಂತ ಸಾಕಷ್ಟು ಮೇಲೆ ಕಟ್ಟಿ. ಅಮಾವಾಸ್ಯೆ, ಹುಣ್ಣಿಮೆ ಆಸುಪಾಸಿನಲ್ಲಿ ನೀರು ಇನ್ನೂ ಜಾಸ್ತಿ ಏರುತ್ತದೆ. ದಿನಕ್ಕೆ ಒಂದೇ ಉಬ್ಬರ ಬರುವ ಕಡೆ ಈ ಲೆಕ್ಕ ನಡೆಯುವುದಿಲ್ಲ. ನದಿ ಸಮುದ್ರ ಸೇರುವಲ್ಲಿ ಇಳಿತಕ್ಕೆ ಹೆಚ್ಚು ಹೊತ್ತು ಹಿಡಿಯಬಹುದು, ಆ ಜಾಗದ ಉಬ್ಬರದ ಪಟ್ಟಿ ನೋಡಿಯೇ ಹೊರಡಿ. ದಡಕ್ಕೆ ದೊಡ್ಡ ಅಲೆ ಹೊಡೆಯುತ್ತಿದ್ದರೆ ಇಳಿಯಲೇಬೇಡಿ.