ಕವಡೆ, ಗೋಲಿ, ಗುಂಡಿ: ನಮ್ಮ ಸಂಘದ ಗುಟ್ಟಿನ ಮತದಾನ

"ಅಧ್ಯಕ್ಷರಾಗಿ ಇವರೇ ಬೇಕು ಅನ್ನುವವರು ಕೈ ಎತ್ತಿ."

ನಮ್ಮ ಅಂಧ ಮಕ್ಕಳ ಶಾಲೆಯ ಹಳೆ ವಿದ್ಯಾರ್ಥಿಗಳ ಸಂಘದಲ್ಲಿ ಸುಮಾರು ಹದಿನಾಲ್ಕು ವರ್ಷ ಚುನಾವಣೆ ನಡೆದದ್ದು ಹೀಗೆ. ಸಭೆಯಲ್ಲಿ ಕೂತವರಲ್ಲಿ ಮುಕ್ಕಾಲು ಪಾಲು ನನ್ನಂಥ ಟೋಟಲ್‌ಗಳು, ಅಂದರೆ ಏನೂ ಕಾಣದವರು; ಉಳಿದವರು ಲೋ ವಿಷನ್, ಅಲ್ಪಸ್ವಲ್ಪ ಕಾಣುವವರು. ಎತ್ತಿದ ಕೈ ಎಣಿಸುತ್ತಿದ್ದವರು ಕಣ್ಣಿದ್ದ ಒಬ್ಬ ಮೇಷ್ಟ್ರು. ಅವರು ಎಷ್ಟು ಅಂದರೆ ಅಷ್ಟು. ಮೋಸ ಮಾಡಿದರು ಅಂತ ನಾನು ಹೇಳುತ್ತಿಲ್ಲ. ಅಷ್ಟು ವರ್ಷದಲ್ಲಿ ಅವರಿಗೆ ಬೇಡವಾದ ಒಬ್ಬನೂ ಗೆಲ್ಲಲಿಲ್ಲ, ಅಷ್ಟೇ.

ನಾನು ಕಾರ್ಯದರ್ಶಿ ಆದದ್ದೂ ಅದೇ ಕೈ ಎಣಿಕೆಯಲ್ಲಿ. ಆಮೇಲೆ ನಾನೇ ಅದನ್ನು ನಿಲ್ಲಿಸಲು ಹೊರಟೆ. "ನೀ ಗೆದ್ದ ಮ್ಯಾಲ ನಿನಗ್ಯಾಕ ಬೇಕೋ ಇದೆಲ್ಲಾ" ಅಂದ ನನ್ನ ಬ್ಯಾಚಿನ ತಬಲಾದವನು. ಕಣ್ಣಿದ್ದ ಹಿತೈಷಿಗಳು ಇನ್ನೂ ನಯವಾಗಿ ಹೇಳಿದರು: "ನಿಮಗೆ ತೊಂದರೆ ಯಾಕೆ, ನಾವು ಇದ್ದೇವಲ್ಲ." ತೊಂದರೆ ಇದ್ದದ್ದೇ ಅಲ್ಲಿ.

ಲೋಕಸಭೆ, ವಿಧಾನಸಭೆಗೆ ಮತ ಹಾಕುವಾಗ ಇವಿಎಂ ಮೇಲೆ ಬ್ರೈಲ್ ಅಂಕಿ ಇರುತ್ತದೆ. ಬೆರಳಾಡಿಸಿ, ಗುಂಡಿ ಒತ್ತಿ, ಯಾರಿಗೂ ಹೇಳದೆ ಮನೆಗೆ ಬರುತ್ತೇನೆ. ದೇಶದ ಸರ್ಕಾರಕ್ಕೆ ಗುಟ್ಟಾಗಿ ಮತ ಹಾಕಬಹುದು, ನಮ್ಮದೇ ಸಂಘದಲ್ಲಿ ಆಗುವುದಿಲ್ಲ ಅಂದರೆ ಹೇಗೆ?

ಮೊದಲ ಪ್ರಯೋಗ ಬ್ರೈಲ್ ಚೀಟಿ. ಬ್ರೈಲ್ ಚುಕ್ಕೆ ಚುಚ್ಚುವ ಸ್ಲೇಟು, ಸ್ಟೈಲಸ್ ಕೊಟ್ಟು ಅಭ್ಯರ್ಥಿಯ ಮೊದಲ ಅಕ್ಷರ ಚುಚ್ಚಿ ಅಂದೆವು. ಚುಚ್ಚಿದರು. ಟಕ್ ಟಕ್. ಕ ಅಂದರೆ ಎರಡು ಚುಕ್ಕೆ, ಗ ಅಂದರೆ ನಾಲ್ಕು. ಕೋಣೆಯ ಆಚೆ ಕೂತವರು ಎಣಿಸುತ್ತಾ ಇದ್ದರು! ಮತದಾನ ಮುಗಿಯುವ ಮೊದಲೇ ಹೊರಗೆ ಫಲಿತಾಂಶ ಬಂದಿತ್ತು, ಅದೂ ಸರಿಯಾಗಿಯೇ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಲೋ ವಿಷನ್ ಇದ್ದ ಅರ್ಧ ಜನಕ್ಕೆ ಬ್ರೈಲ್ ಮರೆತೇ ಹೋಗಿತ್ತು. ಸಕ್ಕರೆ ಕಾಯಿಲೆ ಬಂದ ನಮ್ಮ ಹಿರಿಯರಿಗೆ ಬೆರಳ ತುದಿ ಮರಗಟ್ಟಿ ಚುಕ್ಕೆಯೇ ತಿಳಿಯುತ್ತಿರಲಿಲ್ಲ. ಚೀಟಿ ಓದಲು ಮತ್ತೆ ಯಾರನ್ನೋ ಕರೆಯಬೇಕಾಯಿತು. ಹೋಗಲಿ ಬಿಡಿ.

ಎರಡನೆಯದು ಮಿಸ್ಡ್ ಕಾಲ್. ಒಬ್ಬ ಅಭ್ಯರ್ಥಿಗೆ ಒಂದು ನಂಬರು. ಮೂರು ಸಿಮ್, ಮೂರು ಹಳೆ ಕೀಪ್ಯಾಡ್ ಫೋನು, ರೀಚಾರ್ಜು ಸೇರಿ ಎರಡೂವರೆ ಸಾವಿರ ಹೋಯಿತು. ದೂರದವರಿಗೂ ಅನುಕೂಲ ಅಂದುಕೊಂಡಿದ್ದೆ. ಆದರೆ ಫೋನು ಹಿಡಿದವನಿಗೆ ಯಾರು ಕಾಲ್ ಮಾಡಿದರು ಅಂತ ಗೊತ್ತಾಗುತ್ತದಲ್ಲ! ಗುಟ್ಟು ಎಲ್ಲಿ ಉಳಿಯಿತು? ಜೊತೆಗೆ ಒಬ್ಬ ಮಹಾನುಭಾವ ಹೆಂಡತಿ, ಅತ್ತೆ, ಭಾವಮೈದುನರ ಫೋನಿನಿಂದಲೂ ಮತ ಹಾಕಿದ್ದ. ಆ ವರ್ಷ ಚುನಾವಣೆಯನ್ನೇ ರದ್ದು ಮಾಡಿದೆವು. ಪರಿಚಯದ ಒಬ್ಬ ಸಾಫ್ಟ್‌ವೇರ್ ಹುಡುಗ ಆ್ಯಪ್ ಮಾಡಿಕೊಡುತ್ತೇನೆ ಅಂದ, ನಲವತ್ತು ಸಾವಿರ ಕೇಳಿದ. ನಮ್ಮ ಖಾತೆಯಲ್ಲಿ ಆಗ ಇದ್ದದ್ದು ಹನ್ನೊಂದು ಸಾವಿರ ಚಿಲ್ಲರೆ.

ಆಮೇಲೆ ಅಡುಗೆಮನೆ ಕಡೆ ತಿರುಗಿದೆ. ಹುಣಸೆ ಬೀಜ, ಶೇಂಗಾ, ಅವರೆಕಾಳು. ಒಬ್ಬೊಬ್ಬರಿಗೆ ಮೂರೂ ಒಂದೊಂದು ಕೊಡುವುದು. ಬೇಕಾದವರ ಕಾಳನ್ನು ಸ್ಟೀಲ್ ಡಬ್ಬಿಗೆ ಹಾಕುವುದು. ಇದನ್ನು ಹೇಳಿದಾಗ ಇಡೀ ಸಮಿತಿ ನಕ್ಕಿತು. "ಸಂಘ ನಡಸ್ತೀರೋ, ಕಿರಾಣಿ ಅಂಗಡಿ ಇಟ್ಟೀರೋ" ಅಂದರು. ಪರೀಕ್ಷೆಗೆಂದು ಇಪ್ಪತ್ತು ಜನರನ್ನು ಕೂರಿಸಿದೆ. ಹುಣಸೆ ಬೀಜ ಡಬ್ಬಿಗೆ ಬಿದ್ದರೆ ಠಣ್. ಶೇಂಗಾ ಬಿದ್ದರೆ ಟಪ್. ಕಣ್ಣಿದ್ದವರ ಮುಂದೆ ಮತ ಬಚ್ಚಿಡಬಹುದು, ನಮ್ಮ ಕಿವಿಯ ಮುಂದೆ ಅಲ್ಲ. ಎಣಿಸಿ ನೋಡಿದರೆ ಇಪ್ಪತ್ತರಲ್ಲಿ ಹದಿನೇಳೇ ಮತ. ಮೂವರು ಶೇಂಗಾ ತಿಂದುಬಿಟ್ಟಿದ್ದರು.

ಇಲ್ಲಿಂದ ದಾರಿ ಸಿಕ್ಕಿತು. ತಿನ್ನಲಾಗದ್ದು ಬೇಕು, ಮರಗಟ್ಟಿದ ಬೆರಳಿಗೂ ಗುರುತು ಸಿಗಬೇಕು, ಬಿದ್ದಾಗ ಸದ್ದು ಆಗಬಾರದು. ಕೊನೆಗೆ ನಿಂತದ್ದು ಕವಡೆ, ಗೋಲಿ ಮತ್ತು ಕೋಟಿಗೆ ಹಾಕುವ ದೊಡ್ಡ ಗುಂಡಿ. ಡಬ್ಬಿ ಬಿಟ್ಟು ಬಟ್ಟೆಯ ಚೀಲ. ಚೀಲದ ಒಳಗೆ ಹತ್ತಿ. ಬಾಯಿಯ ಹೊಲಿಗೆ ಹೇಗಿರಬೇಕು ಅಂದರೆ ಹಾಕಲು ಆಗಬೇಕು, ಕೈ ಇಳಿಸಿ ತೆಗೆಯಲು ಆಗಬಾರದು. ಆ ಹೊಲಿಗೆ ನನ್ನ ಹೆಂಡತಿಯದು. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ. ಬೇಕಾದವರು ಧಾರವಾಡಕ್ಕೆ ಬನ್ನಿ, ಚಹಾ ಕುಡಿದು ಮುಟ್ಟಿ ನೋಡಿ.

ನಿಜವಾದ ಕಸರತ್ತು ಎರಡನೇ ಚೀಲದಲ್ಲಿದೆ. ಮತಕ್ಕೆ ಒಂದು ಚೀಲ, ಉಳಿದ ಎರಡನ್ನು ಹಾಕಲು ಇನ್ನೊಂದು ಚೀಲ. ಪ್ರತಿಯೊಬ್ಬರೂ ಮೂರನ್ನೂ ಒಳಗೇ ಬಿಟ್ಟು ಬರಬೇಕು. ಯಾರೂ ಗೋಲಿ ಜೇಬಿನಲ್ಲಿ ತಂದು ಹೊರಗೆ ತೋರಿಸಿ "ನಿನಗ ಹಾಕಿಲ್ಲ ನೋಡು" ಅನ್ನುವ ಹಾಗಿಲ್ಲ. ಲೆಕ್ಕವೂ ತಾನಾಗಿ ತಾಳೆಯಾಗುತ್ತದೆ. ಮೊದಲ ಸಲ ಎಡ-ಬಲ ಅಂತ ಹೇಳಿ ಕೆಟ್ಟೆ. ಬಾಗಿಲಿಗೆ ಬೆನ್ನು ಮಾಡಿ ನಿಂತವರಿಗೆ ಎಡ ಬಲವಾಯಿತು. ಈಗ ಮತದ ಚೀಲದ ಬಾಯಿಗೆ ಹಳೆ ಇಳಕಲ್ ಸೀರೆಯ ರೇಷ್ಮೆ ಸೆರಗು, ಉಳಿದದ್ದರ ಚೀಲಕ್ಕೆ ಕತ್ತದ ಹಗ್ಗ. ನುಣುಪಾಗಿದ್ದರೆ ಮತ, ಒರಟಾಗಿದ್ದರೆ ಬೇಡದ್ದು.

ಖರ್ಚು ಹೇಳುತ್ತೇನೆ. ನೂರು ಕವಡೆಗೆ ಎಂಟುನೂರೋ ಒಂಬೈನೂರೋ. ಪೂಜಾ ಸಾಮಾನಿನ ಅಂಗಡಿಯವನು ಬಿಡಿಯಾಗಿ ಕೊಂಡರೆ ಜಾಸ್ತಿ ಅಂದ, ಸಗಟು ಅಂಗಡಿಗೆ ಹೋದೆ. ಗೋಲಿಗೆ ನೂರೈವತ್ತು. ಗುಂಡಿಗೆ ಇನ್ನೂರು. ಬಟ್ಟೆ, ಹತ್ತಿ ಮುನ್ನೂರು. ಒಟ್ಟು ಸಾವಿರದೈನೂರರ ಆಸುಪಾಸು, ಮತ್ತೆ ಮತ್ತೆ ಬಳಸಬಹುದು. ನಲವತ್ತು ಸಾವಿರದ ಆ್ಯಪ್ ನೆನಪಾದರೆ ಈಗಲೂ ಒಳಗೊಳಗೇ ಖುಷಿ.

ನಾನು ಊಹಿಸದ ಜಗಳ ಒಂದು ಬಂತು. ಚಿಹ್ನೆಯದು. ಕವಡೆ ಯಾರಿಗೂ ಬೇಡ. "ಕವಡೆ ಕಾಸಿನ ಕಿಮ್ಮತ್ತಿಲ್ಲ ಅಂತಾರ, ನನಗದು ಬ್ಯಾಡ್ರಿ" ಅಂದರು ಒಬ್ಬ ನಿವೃತ್ತ ಸಂಗೀತ ಮೇಷ್ಟ್ರು. ಗುಂಡಿ ಅಂದರೆ ಬೀಳುವ ಗುಂಡಿಯಂತೆ. ಗೋಲಿಗೆ ಮೂವರೂ ಹಟ ಹಿಡಿದರು. ಕೊನೆಗೆ ಚೀಟಿ ಎತ್ತಿದೆವು. ಕವಡೆ ಆ ಮೇಷ್ಟ್ರಿಗೇ ಬಂತು, ಅವರೇ ಗೆದ್ದರು. ಈಗ ಸಭೆಗೆ ಬಂದರೆ "ಕವಡೆ ಸರ್" ಅಂತಲೇ ಕರೆಯುತ್ತಾರೆ.

ಪ್ರಚಾರಕ್ಕೆ ತಲಾ ಎರಡು ನಿಮಿಷದ ವಾಯ್ಸ್ ನೋಟ್, ಅದಕ್ಕಿಂತ ಒಂದು ಸೆಕೆಂಡೂ ಹೆಚ್ಚಿಲ್ಲ. ಕಾಗದದ ಮೇಲೂ ಪ್ರಯತ್ನಿಸಿದ್ದೆ. ಬ್ರೈಲ್ ಪತ್ರ ಏಳು ಕಿಲೋ ತನಕ ಅಂಚೆಯಲ್ಲಿ ಪುಕ್ಕಟೆ ಹೋಗುತ್ತದೆ. ಎಪ್ಪತ್ತು ಪತ್ರ ಕಳಿಸಿದೆ. ಮುದ್ರೆಯ ಪೆಟ್ಟಿಗೆ, ಕಟ್ಟಿನ ಭಾರಕ್ಕೆ ಚುಕ್ಕೆ ಅಪ್ಪಚ್ಚಿಯಾಗಿ ಹಲವರಿಗೆ ಖಾಲಿ ಕಾಗದ ಸಿಕ್ಕಿತು. ಬೈಲಾದ ಕಥೆ ಬೇರೆ. ಯಾರೋ ನುಡಿ ತಂತ್ರಾಂಶದ ಹಳೆ ಫಾಂಟಿನಲ್ಲಿ ಟೈಪು ಮಾಡಿಸಿದ್ದರು. ಕಂಪ್ಯೂಟರ್ ಪರದೆಯನ್ನು ನಮಗೆ ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಅದನ್ನು ಓದಿದರೆ ಭೂತ ಬಂದ ಹಾಗೆ ಗೊಣಗುತ್ತದೆ. ಯೂನಿಕೋಡಿಗೆ ಬದಲಿಸಿ, ತಪ್ಪು ತಿದ್ದಿ, ಕೇಳುವ ಹಾಗೆ ಮಾಡಲು ಹತ್ತು ರಾತ್ರಿ ಹಿಡಿಯಿತು. ಕೇಳಿದಾಗ ತಿಳಿಯಿತು, ಮತದಾನ ಗುಪ್ತವಾಗಿರಬೇಕು ಅಂತ ಬೈಲಾದಲ್ಲಿ ಮೊದಲಿನಿಂದಲೂ ಇತ್ತು! ಅಲ್ಲಿಯವರೆಗೆ ನಮ್ಮಲ್ಲಿ ಒಬ್ಬರೂ ಅದನ್ನು ಸ್ವತಃ ಓದಿರಲಿಲ್ಲ.

ದಿನಾಂಕದ ವಿಷಯದಲ್ಲೂ ಪೆಟ್ಟು ತಿಂದಿದ್ದೇನೆ. ಒಂದು ವರ್ಷ ಶ್ರಾವಣದಲ್ಲಿ ಸಭೆ ಇಟ್ಟೆ, ಬಂದವರು ಹನ್ನೊಂದು ಜನ. ನಮ್ಮವರಲ್ಲಿ ಬಹಳ ಮಂದಿ ಹಾರ್ಮೋನಿಯಂ, ತಬಲಾದವರು. ಕೆಲವರು ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಶ್ರಾವಣದಲ್ಲಿ ಊರೂರಲ್ಲಿ ಪುರಾಣ, ಅವರ ವರ್ಷದ ದುಡಿಮೆಯೇ ಆಗ. ಈಗ ಜನವರಿಯಲ್ಲಿ ಇಡುತ್ತೇವೆ, ಬ್ರೈಲ್ ದಿನ 4ನೇ ತಾರೀಖಿನ ಹತ್ತಿರದ ಭಾನುವಾರ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹಾಜರಿ ಏರಿತು. ನಮಗೆ ಬಸ್ ಪಾಸ್ ಮೊದಲೇ ಇತ್ತು, ಜೊತೆಗೆ ಬರುವವರ ಟಿಕೆಟ್ಟೇ ಭಾರ. ಈಗ ಹೆಂಡತಿಯೋ ತಾಯಿಯೋ ಬಂದರೆ ಅದೂ ಉಳಿಯಿತು. ಊಟದ ಖರ್ಚು ಮಾತ್ರ ದುಪ್ಪಟ್ಟಾಯಿತು, ಅದನ್ನು ನಾನು ಮೊದಲೇ ಯೋಚಿಸಿರಲಿಲ್ಲ.

ಕವಡೆ ಸರ್ ಗೆದ್ದ ಚುನಾವಣೆಯ ದಿನ ಮತ ಹಾಕಿದವರು 87 ಜನ. ಮತದ ಚೀಲದಲ್ಲಿ 87, ಬೇಡದ ಚೀಲದಲ್ಲಿ 174. ಎಣಿಸಿದ್ದು ಮೂವರು ಅಭ್ಯರ್ಥಿಗಳ ಮೂವರು ಏಜೆಂಟರು, ಮೂವರೂ ಟೋಟಲ್. ಒಬ್ಬ ಎತ್ತಿ ಗಟ್ಟಿಯಾಗಿ "ಕವಡೆ" ಅನ್ನುವುದು, ಮುಂದಿನವನ ಕೈಗೆ ಕೊಡುವುದು, ಅವನೂ "ಕವಡೆ" ಅನ್ನುವುದು, ಮೂರನೆಯವನು ತಟ್ಟೆಗೆ ಇಡುವುದು. 38, 34, 15. ಸೋತವರು ಮರು ಎಣಿಕೆ ಕೇಳಿದರು. "ನೀವೇ ಎಣಿಸ್ರಿ" ಅಂದೆ. ಎಣಿಸಿದರು, ಅಷ್ಟೇ ಬಂತು. ಕಣ್ಣಿದ್ದ ಮೇಷ್ಟ್ರು ಹಿಂದಿನ ಬೆಂಚಿನಲ್ಲಿ ಕೂತಿದ್ದರಂತೆ. ನಮಗೆ ಗೊತ್ತಾದದ್ದು ಅವರು ಎದ್ದು ಹೋಗುವಾಗ ಚಪ್ಪಲಿ ಸದ್ದಿನಿಂದ.

ಖಜಾಂಚಿಯಾಗಿ ಅವಿರೋಧ ಆಯ್ಕೆಯಾದವರೂ ಟೋಟಲ್. ಒಂದು ಬ್ಯಾಂಕಿನ ಶಾಖೆಯವರು ಅವರ ಸಹಿಗೆ ಚೆಕ್ ಪುಸ್ತಕ ಕೊಡಲ್ಲ ಅಂದರು, ಕಣ್ಣಿದ್ದ ಒಬ್ಬರ ಸಹಿ ಜೊತೆಗೆ ಬೇಕಂತೆ. ಅಂಧರಿಗೂ ಭೇದವಿಲ್ಲದೆ ಚೆಕ್ ಪುಸ್ತಕ ಕೊಡಬೇಕು ಅನ್ನುವ 2008ರ ರಿಸರ್ವ್ ಬ್ಯಾಂಕ್ ಸುತ್ತೋಲೆಯ ಪ್ರಿಂಟು ಒಯ್ದೆವು. ನಾಲ್ಕು ಸಲ ಓಡಾಡಿದೆವು, ಆಟೋಗೆ ಎಂಟುನೂರು ರೂಪಾಯಿ. ಕೊನೆಗೆ ಕೊಟ್ಟರು. ಕೈಗೆ ಬರುವ ನೋಟು ಗುರುತಿಸಲು ಖಜಾಂಚಿಯವರು ರಿಸರ್ವ್ ಬ್ಯಾಂಕಿನ 'ಮಣಿ' ಎಂಬ ಆ್ಯಪ್ ಬಳಸುತ್ತಾರೆ, ನೋಟು ಎಷ್ಟರದ್ದು ಅಂತ ಅದು ಬಾಯಲ್ಲಿ ಹೇಳುತ್ತದೆ. ಆದರೆ ಆ್ಯಪ್ ಬಾಯಿ ಬಿಡುವ ಮೊದಲೇ ಬೆರಳಲ್ಲೇ ನೋಟಿನ ಉದ್ದ ಅಳೆದು ಹೇಳಿಬಿಡುತ್ತಾರೆ. ಅದು ಹೇಗೆ ಅಂತ ನನಗೂ ಹೇಳಿಕೊಟ್ಟಿಲ್ಲ.

ನಾಲ್ಕು ಜನ ನಿಂತರೆ ಏನು ಮಾಡುತ್ತೀರಿ ಅಂತ ಕೇಳುತ್ತಾರೆ. ಅಡಿಕೆ ನೋಡಿದೆ, ಎಲೆ-ಅಡಿಕೆ ಹಾಕುವವರು ಜಾಸ್ತಿ, ಶೇಂಗಾದ ಗತಿಯೇ ಆದೀತು. ಬಟ್ಟೆ ಒಣಹಾಕುವ ಕ್ಲಿಪ್ಪು ಪರೀಕ್ಷೆಯಲ್ಲಿದೆ, ಚೀಲದ ಬಾಯಿಗೆ ಕಚ್ಚಿಕೊಳ್ಳುತ್ತದೆ. ಪಕ್ಕದ ಜಿಲ್ಲೆಯ ಸಂಘದವರು, ಮೊದಲು ನಕ್ಕವರಲ್ಲಿ ಅವರೂ ಇದ್ದರು, ಹೋದ ವರ್ಷ ಚೀಲ ಸಮೇತ ಎಲ್ಲವನ್ನೂ ಎರವಲು ಒಯ್ದರು. ಚುನಾವಣೆ ಚೆನ್ನಾಗಿ ಆಯಿತಂತೆ. ಚೀಲ ವಾಪಸ್ ಬಂತು, ಗೋಲಿ ಗುಂಡಿ ಎಲ್ಲ ಸರಿಯಾಗಿವೆ. ಕವಡೆ ಹನ್ನೊಂದು ಕಡಿಮೆ.