ಮಕ್ಕಳಿರುವ ಮನೆಯಲ್ಲಿ ನಾಯಿಮರಿ: ನಮ್ಮ ಮೋತಿಗೆ ‘ಕೂಡು’ ಕಲಿಸಿದ್ದು ಹೀಗೆ

ನಮ್ಮದು ಕಲಬುರಗಿಯ ಬ್ರಹ್ಮಪುರದಲ್ಲಿ ಹಳೇ ಮನೆ. ಮಗನಿಗೆ 9 ವರ್ಷ, ಮಗಳಿಗೆ 5. ಯಜಮಾನರು ಹೊಲದಿಂದ 2 ತಿಂಗಳ ಜವಾರಿ ಮರಿ ತಂದರು. ಮೋತಿ ಅಂತ ಹೆಸರಿಟ್ಟೆವು. ಮೊದಲ ವಾರ ಎಲ್ಲರಿಗೂ ಮುದ್ದು. ಮೂರನೇ ವಾರಕ್ಕೆ ಮಗಳು ಮಂಚದಿಂದ ಕಾಲು ಕೆಳಗಿಡಲು ಹೆದರುತ್ತಿದ್ದಳು. ಅವಳ ಲಂಗದ ಅಂಚು ಅಲುಗಿದರೆ ಸಾಕು, ಮೋತಿ ಹಾರಿ ಹಿಡಿಯುತ್ತಿತ್ತು. ಅಂಚು ಸಿಗದಿದ್ದರೆ ಹಿಮ್ಮಡಿ.

“ಎರಡು ಬಾರ್ಸು, ತಾನೇ ಸುಮ್ಮ ಆಗ್ತದ” ಅಂದರು ಅತ್ತೆ. ನಾನು ಹೊಡೆಯಲಿಲ್ಲ, ನೀವೂ ಹೊಡೆಯಬೇಡಿ. ಏಟು ತಿಂದ ಮರಿ ಕೈ ಕಂಡರೇ ಹೆದರುತ್ತದೆ. ನಾಳೆ ಮಗು ಮುದ್ದು ಮಾಡಲು ಕೈ ಚಾಚಿದಾಗ ಅದೇ ಹೆದರಿಕೆಯಲ್ಲಿ ಕಚ್ಚುತ್ತದೆ.

ಎರಡು ದಿನ ಸುಮ್ನೆ ಕೂತು ನೋಡಿದೆ. ಮಗಳು ಚೀರಿ ಓಡಿದಾಗಲೇ ಮೋತಿ ಬೆನ್ನು ಹತ್ತುತ್ತಿತ್ತು. ಅವಳು ನಿಂತರೆ ಅದೂ ನಿಲ್ಲುತ್ತಿತ್ತು. ಮರಿಗೆ ಓಟ, ಚೀರಾಟ ಎರಡೂ ಆಟಕ್ಕೆ ಕರೆದ ಹಾಗೆ. ಅದಕ್ಕೇ ಮೊದಲ ಪಾಠ ಮಕ್ಕಳಿಗೆ. ಸ್ಟ್ಯಾಚ್ಯೂ ಆಟ ಅವರಿಗೆ ಗೊತ್ತೇ ಇತ್ತು. ಮೋತಿ ಜಿಗಿದರೆ ಸ್ಟ್ಯಾಚ್ಯೂ. ಕೈ ಎದೆಗೆ ಕಟ್ಟಿಕೊಳ್ಳಬೇಕು, ಕಣ್ಣು ಗೋಡೆ ಕಡೆ, ಬಾಯಿ ಮುಚ್ಚಿರಬೇಕು. ಮೋತಿ ಇಲ್ಲದಾಗ ಹತ್ತಾರು ಸಲ ಆಡಿಸಿದೆ, ಆಮೇಲೇ ಅದರ ಎದುರು.

ಎರಡನೇ ಗೊಂದಲ ಮಾತಿನದು. ಯಜಮಾನರು ‘ಸಿಟ್’ ಅನ್ನುತ್ತಿದ್ದರು, ಅತ್ತೆ ‘ಕೂಡು’, ಓಣಿಯ ಗೆಳೆಯರ ಜೊತೆ ಉರ್ದು ಕಲಿತ ಮಗ ‘ಬೈಠ್’. ಪಾಪ, ಆ ಮರಿ ಯಾರ ಮಾತು ಕೇಳಬೇಕು? ಎಲ್ಲರೂ ‘ಕೂಡು’ ಅಂತಲೇ ಹೇಳಬೇಕು ಅಂತ ಗೊತ್ತು ಮಾಡಿದೆವು. ನಿಮ್ಮ ಮನೆಯಲ್ಲಿ ಯಾವ ಪದವಾದರೂ ಸರಿ, ಒಂದೇ ಇರಲಿ.

ಕಲಿಸುವುದು ಕಷ್ಟ ಏನಲ್ಲ. ಬೇಯಿಸಿದ ತತ್ತಿಯನ್ನು ಕಡಲೆಕಾಳಿನಷ್ಟು ಚೂರು ಮಾಡಿ. ಉಪ್ಪು, ಉಳ್ಳಾಗಡ್ಡಿ, ಬಳ್ಳೊಳ್ಳಿ ತಾಗಿರಬಾರದು. ಉಳ್ಳಾಗಡ್ಡಿ, ಬಳ್ಳೊಳ್ಳಿ ಎರಡೂ ನಾಯಿಗೆ ವಿಷ. ಚೂರನ್ನು ಮೂಗಿನ ಹತ್ತಿರ ಹಿಡಿದು ನಿಧಾನಕ್ಕೆ ತಲೆಯ ಮೇಲಿಂದ ಹಿಂದಕ್ಕೆ ಒಯ್ಯಿರಿ. ಮರಿ ಮೂತಿ ಎತ್ತುತ್ತದೆ, ಹಿಂದಿನ ಭಾಗ ತಾನೇ ನೆಲಕ್ಕೆ ಊರುತ್ತದೆ. ಊರಿದ ಕ್ಷಣಕ್ಕೇ ‘ಕೂಡು’ ಅಂದು ಚೂರು ಕೊಡಿ. ತಡ ಮಾಡಿದರೆ ಯಾತಕ್ಕೆ ಸಿಕ್ಕಿತು ಅಂತ ಅದಕ್ಕೆ ತಿಳಿಯೋದಿಲ್ಲ. ಒಂದು ಸಲಕ್ಕೆ 5 ನಿಮಿಷ ಸಾಕು, ದಿನಕ್ಕೆ ಮೂರು ಸಲ, ಊಟಕ್ಕೆ ಮೊದಲು.

ನಾಲ್ಕನೇ ದಿನ ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡೆ. ಅವಳ ಅಂಗೈಯನ್ನು ಚಪ್ಪಟೆ ಮಾಡಿ, ಕೆಳಗೆ ನನ್ನ ಅಂಗೈ ಇಟ್ಟೆ. ಬೆರಳಲ್ಲಿ ಹಿಡಿದು ಕೊಟ್ಟರೆ ಹಲ್ಲು ತಾಗುತ್ತದೆ. ಅವಳ ಕೈ ನಡುಗುತ್ತಿತ್ತು. “ಕೂಡು” ಅಂದಳು, ದನಿ ಹೊರಗೇ ಬರಲಿಲ್ಲ. ಮೋತಿ ಕೂತಿತು. ನಾಲಗೆಯಿಂದ ಚೂರು ಎತ್ತಿಕೊಂಡಿತು. “ಅವ್ವಾ, ನನ್ನ ಮಾತು ಕೇಳ್ತು!” ಅಂತ ನನ್ನ ಕಡೆ ತಿರುಗಿದಳು. ಅವತ್ತಿನಿಂದ ಅವಳು ಮಂಚದಿಂದ ಇಳಿಯಲು ಹೆದರಲಿಲ್ಲ.

ಮಕ್ಕಳು ಶಾಲೆಯಿಂದ ಬಂದಾಗ ಮೈಮೇಲೆ ಎಗರುವುದು ಮಾತ್ರ ಬೇಗ ಹೋಗಲಿಲ್ಲ. ಕೈಯಿಂದ ತಳ್ಳಿದರೆ ಅದೂ ಆಟವೇ. ಎಲ್ಲರೂ ಬೆನ್ನು ತಿರುಗಿಸಿ ನಿಲ್ಲುತ್ತಿದ್ದೆವು. ನಾಲ್ಕೂ ಕಾಲು ನೆಲದ ಮೇಲಿದ್ದರೆ ಮಾತ್ರ ಮಾತು, ಮುದ್ದು. ಮೊದಲ ಮೂರ್ನಾಲ್ಕು ದಿನ ಹಾರಾಟ ಇನ್ನೂ ಜಾಸ್ತಿ ಆಯಿತು. ಅಲ್ಲಿ ಬಿಟ್ಟುಕೊಡಬೇಡಿ, ಆಮೇಲೆ ಇಳಿಯುತ್ತದೆ.

ಕಚ್ಚೋದಕ್ಕೆ ಹಲ್ಲೂ ಕಾರಣ. 28 ಹಾಲುಹಲ್ಲು ಉದುರಿ 42 ಹಲ್ಲು ಬರುವ ಹೊತ್ತಿಗೆ ಮರಿಗೆ ಆರೇಳು ತಿಂಗಳು. ಅಲ್ಲಿಯವರೆಗೆ ವಸಡು ಕಡಿಯುತ್ತದೆ. ಹಳೇ ಟವೆಲ್ ಒದ್ದೆ ಮಾಡಿ, ಗಂಟು ಹಾಕಿ, ಫ್ರೀಜರಿನಲ್ಲಿಟ್ಟು ಕೊಡಿ. ನಮ್ಮ ಬಿಸಿಲು ಗೊತ್ತಲ್ವಾ, ಮೇ ತಿಂಗಳಲ್ಲಿ 42 ಡಿಗ್ರಿ ದಾಟುತ್ತದೆ, ದೊಡ್ಡವರಿಗೇ ತಲೆ ಕೆಡುತ್ತದೆ. ಮೋತಿಗೆ ಮೆಟ್ಟಿಲ ಕೆಳಗೆ, ತಣ್ಣಗಿರುವ ಶಹಾಬಾದ್ ಕಲ್ಲಿನ ಮೇಲೆ ಗೋಣಿಚೀಲ ಹಾಸಿದ್ದೇವೆ. ಮರಿಗೆ ದಿನದ ಹೆಚ್ಚಿನ ಹೊತ್ತು ನಿದ್ದೆ ಬೇಕು. ಗೋಣಿಯ ಮೇಲಿದ್ದಾಗ, ಉಣ್ಣುವಾಗ, ಮಕ್ಕಳು ಅದನ್ನು ಮುಟ್ಟುವ ಹಾಗಿಲ್ಲ. ಈ ಒಂದು ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ಮಗಳನ್ನೂ ಮೋತಿಯನ್ನೂ ಎರಡೇ ಬಿಟ್ಟು ಅಡುಗೆಮನೆಗೂ ಹೋಗೋದಿಲ್ಲ.

ಗುರ್ ಅಂದರೆ ಬೈಯಬೇಡಿ. ‘ಸಾಕು, ದೂರ ಇರು’ ಅಂತ ಹೇಳಲು ಅದಕ್ಕಿರುವ ದನಿ ಅದೊಂದೇ. ಅದನ್ನು ಅಡಗಿಸಿದರೆ ನಾಳೆ ಗುರ್ ಅನ್ನದೇ ಕಚ್ಚುತ್ತದೆ. ಮಗುವನ್ನು ಮೆಲ್ಲಗೆ ಆಚೆ ಕರೆದುಕೊಳ್ಳಿ.

3 ತಿಂಗಳಿಗೆ ರೇಬೀಸ್ ಇಂಜೆಕ್ಷನ್ ಹಾಕಿಸಿ, ಆಮೇಲೆ ಡಾಕ್ಟರ್ ಹೇಳಿದ ಹಾಗೆ ಮತ್ತೆ ಮತ್ತೆ. ಹಲ್ಲು ತಾಗಿ ಚರ್ಮ ತರಚಿದರೆ ಅರಿಶಿನ, ಸುಣ್ಣ, ಖಾರಪುಡಿ ಯಾವುದನ್ನೂ ಹಚ್ಚಬೇಡಿ. ನಲ್ಲಿ ಬಿಟ್ಟು ಸೋಪು ಹಚ್ಚಿ 15 ನಿಮಿಷ ತೊಳೆದು ಆಸ್ಪತ್ರೆಗೆ ಹೋಗಿ. ‘ಮನೆ ಮರಿಯೇ ಅಲ್ವಾ’ ಅಂತ ಬಿಡಬೇಡಿ.

ಮೋತಿಗೆ ಈಗ 8 ತಿಂಗಳು. ನೆಂಟರ ಮಕ್ಕಳು ಬಂದರೆ ಮೊದಲು ಅದನ್ನು ಒಳಕೋಣೆಯಲ್ಲಿ ಕಟ್ಟುತ್ತೇವೆ. ಎಲ್ಲರೂ ಕೂತು ಚಹಾ ಕುಡಿದು, ಗದ್ದಲ ಇಳಿದ ಮೇಲೆ ಹಗ್ಗ ಹಿಡಿದೇ ಹೊರಗೆ ತರುತ್ತೇವೆ. ಆಗ ಮಗಳು ಎದ್ದು ನಿಂತು ಎಲ್ಲರಿಗೂ ಸ್ಟ್ಯಾಚ್ಯೂ ಹೇಳಿಕೊಡುತ್ತಾಳೆ.