ಸುಂಕ ಇಳಿದ ಮೇಲೆ ನಾನು ಬಿಳಿ ಗೂಡಿಗೆ ಬಂದೆ

ದೆಹಲಿಯಲ್ಲಿ ಬಜೆಟ್ ಓದಿದರೆ ರಾಮನಗರದ ಮಾರುಕಟ್ಟೆಯಲ್ಲಿ ರೇಷ್ಮೆ ಗೂಡಿನ ದರ ಅಲುಗಾಡುತ್ತದೆ. 2011ರಲ್ಲಿ ಇದನ್ನು ಕಣ್ಣಾರೆ ಕಂಡೆ. ಆ ವರ್ಷ ಕಚ್ಚಾ ರೇಷ್ಮೆಯ ಆಮದು ಸುಂಕ ಶೇ. 30ರಿಂದ 5ಕ್ಕೆ ಇಳಿಯಿತು. ಚೀನಾ ನೂಲು ಅಗ್ಗವಾಯಿತು. ನಮ್ಮ ಹಳದಿ ಗೂಡಿಗೆ ಹರಾಜಿನಲ್ಲಿ ಕೂಗುತ್ತಿದ್ದ ದರ ಅಸಲಿಗೂ ಸಾಲುತ್ತಿರಲಿಲ್ಲ. ಊರಲ್ಲಿ ಕೆಲವರು ಹುಳುವಿನ ಮೇವಾದ ಹಿಪ್ಪುನೇರಳೆಯನ್ನೇ ಕಿತ್ತುಹಾಕಿದರು.

ನಾನು ಕೀಳಲಿಲ್ಲ. ಗೂಡಿನಿಂದ ನೂಲು ತೆಗೆಯುವ ಪರಿಚಯದ ರೀಲರ್ ಒಬ್ಬರ ಹತ್ತಿರ ಕೂತು, ನೇಕಾರರಿಗೆ ಚೀನಾ ನೂಲೇ ಯಾಕೆ ಬೇಕು ಅಂತ ಕೇಳಿದೆ. ಬೆಲೆ ಅರ್ಧ ಕಾರಣ ಅಷ್ಟೇ ಎಂದರು. ಪವರ್‌ಲೂಮಿನಲ್ಲಿ ಹಾಸಿನ ಎಳೆ, ಅಂದರೆ ಬಟ್ಟೆಯ ಉದ್ದದ ಎಳೆ, ಒಂದೇ ಸಮ ಇರಬೇಕು, ಮಗ್ಗದ ವೇಗಕ್ಕೆ ಕಡಿಯಬಾರದು. ಹಳದಿ ಗೂಡಿನ ನೂಲು ಹೆಚ್ಚಾಗಿ ಹೊಕ್ಕಿಗೆ, ಅಂದರೆ ಅಡ್ಡ ಎಳೆಗೆ, ಹೋಗುತ್ತದೆ. ಹಾಸಿನ ನೂಲು ನಮ್ಮಲ್ಲೇ ಆಗಬೇಕಾದರೆ ಬಿಳಿ ಗೂಡು, ಅಂದರೆ ಬೈವೋಲ್ಟಿನ್ ತಳಿಯ ಹುಳುವಿನ ಗೂಡು, ಬೆಳೆಯಬೇಕು.

ಆ ಹುಳು ಬಹಳ ಸೂಕ್ಷ್ಮ. ವಾಸದ ಮನೆಯ ಮೂಲೆಯಲ್ಲಿ ಸಾಕಿದರೆ ನಡೆಯುವುದಿಲ್ಲ. ತೋಟದಲ್ಲೇ ಬೇರೆ ಹುಳು ಮನೆ ಕಟ್ಟಿಸಿದೆ. ಮೊಟ್ಟೆ ತರುವುದು ಬಿಟ್ಟು, ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಕಳೆದ, ಅಂದರೆ ಎರಡು ಸಲ ಪೊರೆ ಬಿಟ್ಟ, ಹುಳು ತಂದೆ. ವಿ-1 ತಳಿಯ ಹಿಪ್ಪುನೇರಳೆ ಸೊಪ್ಪು ಹಾಕಿದೆ. ಎಲೆ ಬಿಡಿಸುವ ಬದಲು ಕಡ್ಡಿ ಸಮೇತ ಕೊಡಲು ಶುರುಮಾಡಿದೆ, ಕೂಲಿ ಎಷ್ಟೋ ಉಳಿಯಿತು. ಬೇಸಿಗೆಯಲ್ಲಿ ಚಾವಣಿ ಮೇಲೆ ತೆಂಗಿನ ಗರಿ, ಕಿಟಕಿಗೆ ಒದ್ದೆ ಗೋಣಿಚೀಲ. ಹುಳುವಿನ ಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಒಳಗೆ ಬರದಂತೆ ಬಲೆ. ಪ್ರತಿ ಬೆಳೆ ಮುಗಿದ ಮೇಲೂ ಹುಳು ಮನೆ ತೊಳೆದು ಔಷಧಿ ಹೊಡೆಯಲೇಬೇಕು. ಇದರಲ್ಲಿ ಸಡಿಲಬಿಟ್ಟರೆ ಹಾಲುತೊಂಡೆ ರೋಗ ಬಂದು ಬೆಳೆ ಪೂರ್ತಿ ಹೋಗುತ್ತದೆ.

ಒಂದು ಕೆ.ಜಿ. ನೂಲಿಗೆ ಹಳದಿ ಗೂಡು ಏಳೆಂಟು ಕೆ.ಜಿ. ಬೇಕು. ಒಳ್ಳೆಯ ಬಿಳಿ ಗೂಡಾದರೆ ಆರು, ಆರೂವರೆ ಸಾಕು. ರೀಲರುಗಳು ಅದಕ್ಕೆ ಜಾಸ್ತಿ ಕೊಡುವುದು ಈ ಲೆಕ್ಕದ ಮೇಲೆಯೇ.

2013ರಲ್ಲಿ ಸುಂಕ ಮತ್ತೆ ಶೇ. 15ಕ್ಕೆ ಏರಿತು. ಸ್ವಲ್ಪ ಉಸಿರಾಡಿದೆವು. ಹಾಗಂತ ಸುಂಕ ಏರಿಸುತ್ತಲೇ ಇರಿ ಅಂತ ನಾನು ಕೇಳುವುದಿಲ್ಲ. ನೂಲು ದುಬಾರಿಯಾದರೆ ನೇಕಾರರಿಗೂ ಕಷ್ಟ ಅಲ್ವಾ? ಹೊರದೇಶದಿಂದ ನಮಗೆ ಒಳ್ಳೆಯದೂ ಬಂದಿದೆ. 1991ರಲ್ಲಿ ಶುರುವಾದ ಜಪಾನ್ ನೆರವಿನ ಯೋಜನೆಯಲ್ಲಿ ಮೈಸೂರಿನ ರೇಷ್ಮೆ ಸಂಶೋಧನಾ ಸಂಸ್ಥೆಯವರು ವರ್ಷಗಟ್ಟಲೆ ದುಡಿದು ಬೈವೋಲ್ಟಿನ್ ತಳಿಗಳನ್ನು ನಮ್ಮ ಹವೆಗೆ ಒಗ್ಗಿಸಿದರು. ಸ್ವಯಂಚಾಲಿತ ರೀಲಿಂಗ್ ಯಂತ್ರಗಳು ಚೀನಾದಿಂದಲೇ ಬಂದವು.

ತೋಟ ಹಾಕಿ, ಹುಳು ಮನೆ ಕಟ್ಟಿ, ಸಾಲ ತೀರಿಸಲು ನಮಗೆ ವರ್ಷಗಳು ಬೇಕು. ಆದ್ದರಿಂದ ಸುಂಕ ಇಳಿಸುವುದಿದ್ದರೆ ಮೊದಲೇ ಹೇಳಿ, ಹಂತಹಂತವಾಗಿ ಇಳಿಸಲಿ. ಜೊತೆಗೆ, ಗೂಡನ್ನು ಕಣ್ಣಳತೆಯಲ್ಲಿ ಕೂಗುವುದು ಬಿಟ್ಟು, ಎಷ್ಟು ನೂಲು ಬರುತ್ತದೆಂದು ಪರೀಕ್ಷೆ ಮಾಡಿ ದರ ಕಟ್ಟುವ ವ್ಯವಸ್ಥೆ ಎಲ್ಲ ಮಾರುಕಟ್ಟೆಗಳಲ್ಲೂ ಬರಲಿ.